ಹಳೆಯ ಸ್ನೋಮೊಬೈಲ್‌ಗೆ ಮರುಜೀವ: ಸಿಗದ ಬಿಡಿಭಾಗವನ್ನು ಕೈಯಾರೆ ಮಾಡಿಕೊಳ್ಳುವ ಬಗೆ

1924ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಪುಟ್ಟ ಊರಿನಲ್ಲಿ ಕಾರ್ಲ್ ಎಲಿಯಾಸನ್ ಅವರು ಮೋಟಾರು ಜಾರುಬಂಡಿ ಕಟ್ಟಿದಾಗ, ಅದಕ್ಕೆಂದೇ ತಯಾರಾದ ಒಂದೇ ಒಂದು ಪಾರ್ಟ್ ಜಗತ್ತಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ದೋಣಿಗೆ ಹಾಕುವ ಎರಡೂವರೆ ಅಶ್ವಶಕ್ತಿಯ ಎಂಜಿನ್, ಫೋರ್ಡ್ ಮಾಡೆಲ್ ಟಿ ಕಾರಿನ ರೇಡಿಯೇಟರಿನ ಒಂದು ಭಾಗ, ಸೈಕಲ್ಲಿನ ಸಾಮಾನು, ಒಂದು ಜೊತೆ ಸ್ಕೀ (ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ) ಹೀಗೆ ಸಿಕ್ಕಿದ್ದನ್ನು ಕೂಡಿಸಿಕೊಂಡೇ ಅವರು ಹಿಮದ ಮೇಲೆ ಓಡಿದರು. ಮುಂದೆ ಸ್ಕೀ, ಹಿಂದೆ ತಿರುಗುವ ರಬ್ಬರ್ ಪಟ್ಟಿ (ಟ್ರ್ಯಾಕ್) ಇರುವ ಹಿಮದ ಗಾಡಿಯೇ ಸ್ನೋಮೊಬೈಲ್. ಐವತ್ತು ಅರವತ್ತು ವರ್ಷದ ಹಳೆಯ ಸ್ನೋಮೊಬೈಲ್ ಎದುರು ನಿಂತು ‘ಇದರ ಪಾರ್ಟ್ ಎಲ್ಲೂ ಸಿಗೋದಿಲ್ಲ’ ಎಂದು ಕೈಚೆಲ್ಲುವವರನ್ನು ಕಂಡಾಗಲೆಲ್ಲ ನನಗೆ ಆ ಜಾರುಬಂಡಿ ನೆನಪಾಗುತ್ತದೆ. ಈ ವಾಹನದ ಜಾತಿಯೇ ಕೈಕೆಲಸದ್ದು.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಗಾಡಿಯ ಪ್ರತಿಯೊಂದು ಭಾಗವನ್ನೂ ಕೈಯಲ್ಲಿ ಮಾಡಬಾರದು. ಸುಮ್ಮನೆ ಕೂತು ಆಕಾರ ಹಿಡಿದಿರುವ ಭಾಗ, ನಿಧಾನವಾಗಿ ಸವೆಯುವ ಭಾಗ ಇವನ್ನು ಧಾರಾಳವಾಗಿ ಮಾಡಿಕೊಳ್ಳಿ. ವೇಗವಾಗಿ ತಿರುಗುವ ಭಾಗ, ಗಾಡಿಯನ್ನು ನಿಲ್ಲಿಸುವ ಭಾಗ ಇವನ್ನು ಕೊಂಡೇ ಹಾಕಿ. ಬಾನೆಟ್, ಮುಂಗಾಜು, ಸೀಟು, ತಗಡು, ಬುಷ್ (ದಂಡ ತಿರುಗುವ ಜಾಗದ ಬಳೆ), ಗ್ಯಾಸ್ಕೆಟ್ (ಎರಡು ಲೋಹದ ನಡುವೆ ಸೋರದಂತೆ ಇಡುವ ಹಾಳೆ), ಸ್ಕೀ ತಳದ ಸರಳು, ಆಕ್ಸಿಲರೇಟರ್ ಕೇಬಲ್ ಮೊದಲ ಗುಂಪಿನವು. ಕ್ಲಚ್ (ಎಂಜಿನ್ನಿನ ಶಕ್ತಿಯನ್ನು ಬೆಲ್ಟಿಗೆ ಕೊಡುವ ತಿರುಗಾಲಿ), ಫ್ಲೈವೀಲ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ), ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ), ಡ್ರೈವ್ ಬೆಲ್ಟ್, ಬ್ರೇಕಿನ ಭಾಗಗಳು ಎರಡನೆಯವು. ಕ್ಲಚ್ ಎಂಜಿನ್ನಿನ ವೇಗದಲ್ಲೇ, ಅಂದರೆ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುತ್ತದೆ. ಅಲ್ಲಿ ನಾವು ಬೆಸುಗೆ ಹಾಕಿದ ಒಂದು ತುಂಡು ಕಳಚಿದರೆ ಅದು ಸವಾರನ ಕಾಲಿನ ಪಕ್ಕದಿಂದ ಗುಂಡಿನಂತೆ ಹಾರುತ್ತದೆ. ಹಳೆಯ ಗಾಡಿ ಕೊಂಡಾಗ ಬೆಲ್ಟಿನ ಮೇಲಿನ ಲೋಹದ ಕವಚ ಕಳೆದುಹೋಗಿದ್ದರೆ, ಮಿಕ್ಕ ಕೆಲಸ ಬದಿಗಿಟ್ಟು ಅದನ್ನು ಮೊದಲು ಹುಡುಕಿ.

ಗಾಡಿಯ ಗುರುತು

1960ರ ದಶಕದ ಕೊನೆಗೂ 70ರ ದಶಕದ ಆರಂಭಕ್ಕೂ ಉತ್ತರ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಸ್ನೋಮೊಬೈಲ್ ಮಾರುತ್ತಿದ್ದವು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಹೊರತಂದ ಸ್ಕೀ-ಡೂ, ಮಿನೆಸೋಟಾದ ರೋಸೋ ಊರಿನ ಪೊಲಾರಿಸ್, ಅದೇ ರಾಜ್ಯದ ಥೀಫ್ ರಿವರ್ ಫಾಲ್ಸ್‌ನ ಆರ್ಕ್ಟಿಕ್ ಕ್ಯಾಟ್ ಇವೆಲ್ಲ ಉಳಿದ ಹೆಸರುಗಳು. ಮಿಕ್ಕ ಕಂಪನಿಗಳಲ್ಲಿ ಬಹುಪಾಲು ಕೆಲವೇ ಚಳಿಗಾಲ ನಡೆದು ಬಾಗಿಲು ಹಾಕಿದವು. ನಿಮ್ಮ ಗಾಡಿ ಅಂಥದ್ದೊಂದು ಕಂಪನಿಯದಾದರೂ ಎದೆಗುಂದಬೇಡಿ. ಆ ಕಂಪನಿಗಳು ಚಾಸಿ (ಗಾಡಿಯ ಒಡಲು) ತಾವು ಕಟ್ಟಿ, ಎಂಜಿನ್ನನ್ನು ಹೊರಗಿನಿಂದ ತರಿಸುತ್ತಿದ್ದವು. ಆಸ್ಟ್ರಿಯಾದ ರೋಟಾಕ್ಸ್, ಜರ್ಮನಿಯ ಸ್ಯಾಕ್ಸ್ ಮತ್ತು ಹಿರ್ತ್, ಅಮೆರಿಕದ ಕೋಹ್ಲರ್ ಹೀಗೆ ನಾಲ್ಕಾರು ಎಂಜಿನ್‌ಗಳೇ ಬೇರೆ ಬೇರೆ ಬಣ್ಣದ ಬಾನೆಟ್ಟಿನ ಕೆಳಗೆ ಕೂತಿರುತ್ತವೆ. ಹಾಗಾಗಿ ಎಂಜಿನ್ನಿನ ಪಿಸ್ಟನ್, ರಿಂಗ್, ಆಯಿಲ್ ಸೀಲ್ ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಸಿಗದಿರುವುದು ಚಾಸಿಯ ಸಾಮಾನು. ಕೈಕೆಲಸ ಬೇಕಾಗುವುದು ಅಲ್ಲೇ.

ಆದ್ದರಿಂದ ಎರಡು ಗುರುತುಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ: ಟನಲ್ ಮೇಲಿನ ಚಾಸಿ ನಂಬರ್ ಮತ್ತು ಎಂಜಿನ್ ಮೇಲಿನ ಫಲಕದಲ್ಲಿರುವ ಮಾದರಿ, ನಂಬರ್. ಟನಲ್ ಎಂದರೆ ಟ್ರ್ಯಾಕಿನ ಮೇಲೆ ಕವುಚಿದ ತೊಟ್ಟಿಯಂತಿರುವ ಲೋಹದ ಒಡಲು, ಸೀಟು ಕೂರುವುದು ಅದರ ಮೇಲೆ. ಮತ್ತೊಂದು ವಿಷಯ: ಯುರೋಪಿನ ಎಂಜಿನ್ ಇರುವ ಗಾಡಿಯಲ್ಲಿ ಎಂಜಿನ್ನಿನ ನಟ್ ಬೋಲ್ಟ್ ಮಿಲಿಮೀಟರ್ ಅಳತೆಯವು, ಚಾಸಿಯವು ಇಂಚಿನವು. ಹತ್ತಿರ ಹತ್ತಿರ ಕೂರುವ ಸ್ಪ್ಯಾನರ್ ಹಾಕಿ ತಿರುಗಿಸಿದರೆ ತುಕ್ಕು ಹಿಡಿದ ಬೋಲ್ಟಿನ ತಲೆ ಸವೆದು ದುಂಡಾಗಿಬಿಡುತ್ತದೆ.

ಬಿಚ್ಚುವುದು

ಬಿಚ್ಚುವ ಮುಂಚೆ ನಾಲ್ಕೂ ಬದಿಯಿಂದ ಫೋಟೋ ತೆಗೆಯಿರಿ. ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಕೇಬಲ್ ಯಾವುದರ ಕೆಳಗೆ ತೂರಿದೆ, ಸ್ಪ್ರಿಂಗಿನ ಕೊಕ್ಕೆ ಯಾವ ಕಡೆ ಮುಖ ಮಾಡಿದೆ ಎಂಬುದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಬೋಲ್ಟ್‌ಗಳಿಗೆ ತುಕ್ಕುಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಆಮೇಲೂ ಜಪ್ಪಯ್ಯ ಅನ್ನದಿದ್ದರೆ ನಟ್ಟಿಗೆ ಬಿಸಿ ಕೊಡಿ, ಆದರೆ ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಟ್ಟ ಮೇಲೆ ಮಾತ್ರ. ತಿರುಚು ಸ್ಪ್ರಿಂಗ್ ಇರುವ ಬೋಗಿ ಚಕ್ರದ (ಟ್ರ್ಯಾಕಿನ ಒಳಗೆ ಭಾರ ಹೊರುವ ಸಣ್ಣ ಚಕ್ರಗಳ) ಸೆಟ್‌ಗಳನ್ನು ಕಳಚುವಾಗ ಮುಖ ಹತ್ತಿರ ತರಬೇಡಿ. ಬಿಗಿದು ಕೂತ ಸ್ಪ್ರಿಂಗ್ ಬಿಟ್ಟುಕೊಂಡರೆ ಬೆರಳು ಮುರಿಯುವಷ್ಟು ಬಲ ಇರುತ್ತದೆ.

ಹಳೆಯ ಬ್ರೇಕ್ ಪ್ಯಾಡ್, ಹಳೆಯ ಗ್ಯಾಸ್ಕೆಟ್, ಸೈಲೆನ್ಸರಿಗೆ ಸುತ್ತಿದ ಪಟ್ಟಿ ಇವುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟು. ಕಂಪ್ರೆಸರ್ ಗಾಳಿ ಹೊಡೆದು ಆ ಧೂಳನ್ನು ಎಬ್ಬಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿಡಿ.

ಏನನ್ನೂ ಎಸೆಯಬೇಡಿ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಪುಡಿಪುಡಿಯಾಗಿದ್ದ ಸ್ಕೀ ಕಾಲಿನ (ಹ್ಯಾಂಡಲಿನ ಜೊತೆ ಸ್ಕೀಯನ್ನು ತಿರುಗಿಸುವ ದಂಡ) ಪ್ಲಾಸ್ಟಿಕ್ ಬುಷ್ಷನ್ನು ಕಸವೆಂದು ಗುಡಿಸಿ ಹಾಕಿದ್ದೆ. ಒಳ ಅಳತೆ, ಹೊರ ಅಳತೆ ಸುತ್ತಲಿನ ಲೋಹದಿಂದ ಸಿಕ್ಕಿತು. ಆದರೆ ಬುಷ್ಷಿನ ತಲೆಯಲ್ಲಿದ್ದ ಅಂಚು ಎಷ್ಟು ದಪ್ಪ ಇತ್ತು ಎಂಬುದು ಎಲ್ಲಿಂದಲೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಮಾಡಿದ್ದು ದಪ್ಪವಾಗಿ, ಸ್ಟಿಯರಿಂಗ್ ಬಿಗಿಯಾಯಿತು. ಮತ್ತೆ ಬಿಚ್ಚಿ, ಮತ್ತೆ ಲೇತಿಗೆ (ಕಡೆಯುವ ಯಂತ್ರಕ್ಕೆ) ಹಾಕಿ ಅಂಚನ್ನು ಅರ್ಧ ಮಿಲಿಮೀಟರ್ ಇಳಿಸಬೇಕಾಯಿತು. ಮುರಿದ ತುಂಡೇ ನಿಮ್ಮ ನಕ್ಷೆ. ಪ್ರತಿ ಚೂರನ್ನೂ ಡಬ್ಬಿಯಲ್ಲಿ ಹಾಕಿ, ಯಾವ ಜಾಗದ್ದೆಂದು ಚೀಟಿ ಅಂಟಿಸಿ.

ಎಂಜಿನ್ ಮೊದಲು

ಬಣ್ಣ ಹೊಡೆಯುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ತಡೆದುಕೊಳ್ಳಿ. ಎಂಜಿನ್ ಬದುಕಿದೆಯೇ ಎಂದು ಗೊತ್ತಾಗದೆ ಬಾನೆಟ್ಟಿನ ಮೇಲೆ ದುಡ್ಡು, ದಿನ ಸುರಿಯುವುದರಲ್ಲಿ ಅರ್ಥವಿಲ್ಲ.

ಹಗ್ಗ ಎಳೆದರೆ ಎಂಜಿನ್ ತಿರುಗದಿದ್ದರೆ ಜೋರು ಮಾಡಬೇಡಿ. ಪ್ಲಗ್ ತೆಗೆದು ಆ ರಂಧ್ರದಿಂದ ತುಕ್ಕುಬಿಡಿಸುವ ಎಣ್ಣೆ ಸುರಿದು ಎರಡು ಮೂರು ದಿನ ಬಿಡಿ, ದಿನಕ್ಕೊಮ್ಮೆ ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಫ್ಯಾನಿನಿಂದ ತಂಪಾಗುವ ಎಂಜಿನ್ ಆಗಿದ್ದರೆ ಸುತ್ತಲಿನ ತಗಡಿನ ಹೊದಿಕೆ ಬಿಚ್ಚಿ ಒಳಗೆ ನೋಡಲೇಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇಲಿಗಳು ಸೀಟಿನ ಸ್ಪಂಜು ತಂದು ಅಲ್ಲೇ ಗೂಡು ಕಟ್ಟಿರುತ್ತವೆ. ಹಾಗೇ ಸ್ಟಾರ್ಟ್ ಮಾಡಿದರೆ ಗಾಳಿ ಹೋಗದೆ ಸಿಲಿಂಡರ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೈಲೆನ್ಸರನ್ನೂ ತಲೆಕೆಳಗು ಮಾಡಿ ಕೊಡವಿ.

ತಿರುಗತೊಡಗಿದ ಮೇಲೆ ಕ್ರ್ಯಾಂಕಿನ ಸೀಲ್ ಪರೀಕ್ಷೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಮೇಲಕ್ಕೆ ಹೋಗುತ್ತದೆ. ಒಣಗಿ ಗಟ್ಟಿಯಾದ ಸೀಲಿನ ಸಂದಿಯಿಂದ ಹೊರಗಿನ ಗಾಳಿ ನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಜೊತೆಗೆ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ನಿನ ನೆತ್ತಿ ಕರಗಿ ತೂತಾಗುತ್ತದೆ. ಸೈಲೆನ್ಸರ್ ಬಾಯಿಗೂ ಕಾರ್ಬೊರೇಟರ್ ಬಾಯಿಗೂ ರಬ್ಬರ್ ಇಟ್ಟು ಪಟ್ಟಿ ಬಿಗಿದು ಮುಚ್ಚಿ. ಕ್ರ್ಯಾಂಕ್‌ಕೇಸಿನಿಂದ ಪೆಟ್ರೋಲ್ ಪಂಪಿಗೆ ಹೋಗುವ ಸಣ್ಣ ಕೊಳವೆ ಇದ್ದರೆ ಅದರಿಂದ, ಇಲ್ಲವಾದರೆ ಪ್ಲಗ್ ರಂಧ್ರದಿಂದ ಕೈಪಂಪಿನಲ್ಲಿ ಗಾಳಿ ತುಂಬಿ ಒತ್ತಡ 6 ಪಿಎಸ್‌ಐ (ಚದರ ಇಂಚಿಗೆ 6 ಪೌಂಡ್) ಆಸುಪಾಸು ನಿಲ್ಲಿಸಿ. ಒತ್ತಡದ ಗೇಜಿನ ಮುಳ್ಳು ಐದಾರು ನಿಮಿಷ ಅಲುಗದೆ ನಿಂತರೆ ಸರಿ. ಇಳಿಯುತ್ತಿದ್ದರೆ ಸೋಪು ನೀರು ಹಚ್ಚಿ, ಗುಳ್ಳೆ ಏಳುವ ಜಾಗವೇ ತೂತು. ಈ ಒಂದು ಪರೀಕ್ಷೆ ಮಾಡದೆ ಹಳೆಯ ಎಂಜಿನ್ನನ್ನು ಹಿಮಕ್ಕೆ ಇಳಿಸುವುದು ನನ್ನ ಮಟ್ಟಿಗೆ ಆ ಎಂಜಿನ್ನಿಗೆ ಮಾಡುವ ಅನ್ಯಾಯ.

ಕಿಡಿಯ ಕಡೆ ಬಂದರೆ, ಫ್ಲೈವೀಲನ್ನು ಎಳೆಯಲು ಅದರದೇ ಪುಲ್ಲರ್ ಬಳಸಿ. ಕ್ರ್ಯಾಂಕಿನ ತುದಿಗೆ ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಜೋಡಣೆ ವಾಲುತ್ತದೆ. ಪಾಯಿಂಟಿನ (ಕಿಡಿಯ ಸಮಯಕ್ಕೆ ವಿದ್ಯುತ್ತನ್ನು ಕಡಿಯುವ ಲೋಹದ ತುಟಿಗಳ) ಮೇಲಿನ ಕಿಲುಬು ತೆಗೆದು, ಕೊನೆಯಲ್ಲಿ ದಪ್ಪ ಕಾಗದ ಎಳೆದು ಒರೆಸಿ. ಬಾಷ್ ಕಂಪನಿಯ ಮ್ಯಾಗ್ನೆಟೋ (ಕಿಡಿಗೆ ವಿದ್ಯುತ್ ಹುಟ್ಟಿಸುವ ಭಾಗ) ಇರುವ ಎಂಜಿನ್‌ಗಳಲ್ಲಿ ಪಾಯಿಂಟ್ ಅಂತರ ಸಾಮಾನ್ಯವಾಗಿ 0.35ರಿಂದ 0.45 ಮಿಲಿಮೀಟರ್. ಕಿಡಿಯ ಸಮಯವನ್ನು ಪಿಸ್ಟನ್ ತನ್ನ ಓಟದ ಮೇಲ್ತುದಿ ಮುಟ್ಟುವ ಮುಂಚಿನ ಇಷ್ಟು ಮಿಲಿಮೀಟರ್ ಎಂದು ಕೈಪಿಡಿ ಕೊಟ್ಟಿರುತ್ತದೆ, ಪ್ಲಗ್ ರಂಧ್ರಕ್ಕೆ ಡಯಲ್ ಗೇಜ್ ಇಳಿಸಿ ಅದನ್ನು ಅಳೆಯಬೇಕು.

ಟಿಲ್ಲಟ್ಸನ್ ಕಂಪನಿಯ ಕಾರ್ಬೊರೇಟರಿನಲ್ಲಿ ತಟ್ಟೆಯಂಥ ತೆಳುಪೊರೆ ಇರುತ್ತದೆ. ಬೆರಳಿನಲ್ಲಿ ಒತ್ತಿದರೆ ಹಸಿ ಎಲೆಯಂತೆ ಬಾಗಬೇಕು. ಒಣ ಎಲೆಯಂತೆ ಸದ್ದು ಮಾಡಿದರೆ ಕಿಟ್ ತಂದು ಬದಲಿಸಿ, ಅದನ್ನು ಕೈಯಲ್ಲಿ ಮಾಡಲು ಹೋಗಬೇಡಿ. ಪೆಟ್ರೋಲ್ ಪೈಪುಗಳನ್ನೂ ಎಲ್ಲ ಹೊಸದಾಗಿಸಿ, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಕರಗಿಸುತ್ತದೆ.

ಗ್ಯಾಸ್ಕೆಟ್

ಕೈಕೆಲಸ ಶುರು ಮಾಡಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕ್ರ್ಯಾಂಕ್‌ಕೇಸ್, ಕಾರ್ಬೊರೇಟರ್, ಸಿಲಿಂಡರ್ ಬುಡ ಇವಕ್ಕೆ ಗ್ಯಾಸ್ಕೆಟ್ ಹಾಳೆ ಸಾಕು. ಹಳೆಯದರ ದಪ್ಪವನ್ನು ಬೋಲ್ಟ್ ಪಕ್ಕದ ಒತ್ತಿದ ಜಾಗದಲ್ಲಿ ಅಳೆದುಕೊಳ್ಳಿ. ಹಾಳೆಯನ್ನು ಲೋಹದ ಮೇಲಿಟ್ಟು ಅಂಚಿನುದ್ದಕ್ಕೂ ಬೆರಳಿನಿಂದ ಒತ್ತಿದರೆ ಗೆರೆ ಮೂಡುತ್ತದೆ. ಮೊದಲು ಬೋಲ್ಟ್ ರಂಧ್ರಗಳನ್ನು ಪಂಚ್ ಮಾಡಿ, ಬೋಲ್ಟ್ ತೂರಿಸಿ ಹಾಳೆ ಜರುಗದಂತೆ ಹಿಡಿಸಿ, ಆಮೇಲೆ ಒಳ ಆಕಾರ ಕತ್ತರಿಸಿ, ಕೊನೆಗೆ ಹೊರ ಅಂಚು. ಈ ಅನುಕ್ರಮ ತಪ್ಪಿದರೆ ರಂಧ್ರಗಳು ಒಂದಕ್ಕೊಂದು ಕೂರುವುದಿಲ್ಲ. ಸುತ್ತಿಗೆಯಲ್ಲಿ ಅಂಚು ತಟ್ಟಿ ಕತ್ತರಿಸುವ ಹಳೆಯ ಪದ್ಧತಿಯನ್ನು ಮೆದು ಅಲ್ಯೂಮಿನಿಯಂ ಮೇಲೆ ಮಾಡಬೇಡಿ, ಅಂಚು ನಜ್ಜಾಗುತ್ತದೆ.

ಹೆಡ್ಡಿಗೆ (ಸಿಲಿಂಡರಿನ ಮೇಲ್ಮುಚ್ಚಳಕ್ಕೆ) ತಾಮ್ರದ ಹಾಳೆ. ಕತ್ತರಿಸಿದ ಮೇಲೆ ಮಂದ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮೆತ್ತಗಾದ ತಾಮ್ರ ಸಣ್ಣಪುಟ್ಟ ಗೀರುಗಳಿಗೆ ತಾನೇ ಒತ್ತಿಕೊಳ್ಳುತ್ತದೆ. ದಪ್ಪ ಮಾತ್ರ ಮೂಲದಷ್ಟೇ ಇರಲಿ. ತೆಳುವಾದರೆ ಕಂಪ್ರೆಷನ್ ಏರಿ ಎಂಜಿನ್ ಬಡಿಯುತ್ತದೆ, ದಪ್ಪವಾದರೆ ಶಕ್ತಿ ಇಳಿಯುತ್ತದೆ.

ಬುಷ್: ನಿಧಾನವಾಗಿ ನೋಡಬೇಕಾದ ಕೆಲಸ

ಹಳೆಯ ಸ್ನೋಮೊಬೈಲಿನ ಹ್ಯಾಂಡಲ್ ಹಿಡಿದು ಅಲ್ಲಾಡಿಸಿದರೆ ಸ್ಕೀಗಳು ತಮ್ಮಷ್ಟಕ್ಕೆ ತಾವು ಬೇರೆ ಕಡೆ ಅಲ್ಲಾಡುತ್ತವೆ. ಸ್ಕೀ ಕಾಲು ತಿರುಗುವ ಜಾಗದ ಬುಷ್ ಸವೆದಿರುವುದೇ ಇದಕ್ಕೆ ಕಾರಣ. ಇದೊಂದನ್ನು ಸರಿಪಡಿಸಿದರೆ ಗಾಡಿಯ ನಡೆಯೇ ಬದಲಾಗುತ್ತದೆ.

ಮೊದಲು ಕಾಲಿನ ದಂಡವನ್ನು ಅಳೆಯಿರಿ. ಬುಷ್ ಉಜ್ಜಿದ ಜಾಗದಲ್ಲಿ ಅಳೆಯಬೇಡಿ. ಉಜ್ಜದ, ಗ್ರೀಸ್ ಗಟ್ಟಿಕಟ್ಟಿದ ಜಾಗವನ್ನು ಒರೆಸಿ ವರ್ನಿಯರ್ ಹಿಡಿಯಿರಿ. ಅದು ಮೂಲ ಅಳತೆ. ಆಮೇಲೆ ಸವೆದ ಜಾಗದಲ್ಲಿ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಿರಿ, ಸಾಮಾನ್ಯವಾಗಿ ದಂಡ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಸ್ವಲ್ಪವೇ ಸವೆದಿದ್ದರೆ ಎಮರಿ ಪೇಪರಿನಲ್ಲಿ ದುಂಡು ಮಾಡಿ ಅದಕ್ಕೆ ತಕ್ಕ ಬುಷ್ ಮಾಡಿ. ಬೆರಳಿಗೆ ಮೆಟ್ಟಿಲಿನಂತೆ ಹತ್ತುವಷ್ಟು ಸವೆದಿದ್ದರೆ ದಂಡಕ್ಕೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಮತ್ತೆ ಮೂಲ ಅಳತೆಗೆ ತರಬೇಕು.

ಯಾವ ವಸ್ತು? ಕಂಚಿನ ಬುಷ್ ಬಹಳ ಕಾಲ ಬರುತ್ತದೆ, ಆದರೆ ಗ್ರೀಸ್ ಕೇಳುತ್ತದೆ. ನೈಲಾನ್ ಸುಲಭವಾಗಿ ಸಿಗುತ್ತದೆ, ಕಡೆಯುವುದೂ ಸುಲಭ, ಆದರೆ ನೀರು ಹೀರಿ ಉಬ್ಬುತ್ತದೆ. ದಿನವಿಡೀ ಹಿಮದಲ್ಲಿ ಮುಳುಗಿರುವ ಜಾಗಕ್ಕೆ ಅದು ಸಲ್ಲದು. ಅಸಿಟಾಲ್ ಪ್ಲಾಸ್ಟಿಕ್ ಹೆಚ್ಚು ನೀರು ಹೀರುವುದಿಲ್ಲ, ಚಳಿಯಲ್ಲೂ ಜಾರುತ್ತದೆ. ಸ್ಕೀ ಕಾಲಿಗೆ ನಾನು ಆರಿಸುವುದು ಅದನ್ನೇ. ಬೋಗಿ ಚಕ್ರದ ತೋಳು ತೂಗಾಡುವ ಜಾಗಕ್ಕೆ ಮಾತ್ರ ಕಂಚು, ಅಲ್ಲಿ ಭಾರ ಹೆಚ್ಚು.

ಲೇತಿನಲ್ಲಿ ಹೊರ ಅಳತೆಯನ್ನು ಗೂಡಿಗಿಂತ ಕೂದಲೆಳೆಯಷ್ಟು ದಪ್ಪ ಬಿಡಿ, ಒಳ ರಂಧ್ರವನ್ನು ಬೇಕಾದ್ದಕ್ಕಿಂತ ಸ್ವಲ್ಪ ಕಿರಿದಾಗಿ ಬಿಡಿ. ಬುಷ್ಷನ್ನು ಒತ್ತಿ ಕೂರಿಸಿದಾಗ ಅದು ಒಳಕ್ಕೆ ಕುಗ್ಗುತ್ತದೆ. ಮೊದಲೇ ಅಳತೆಗೆ ಕೊರೆದಿದ್ದರೆ ದಂಡ ತೂರುವುದಿಲ್ಲ. ಕೂರಿಸಿದ ಮೇಲೆಯೇ ರೀಮರ್ (ರಂಧ್ರವನ್ನು ಸವರಿ ಅಗಲಿಸುವ ಉಪಕರಣ) ಆಡಿಸಿ ಅಳತೆಗೆ ತನ್ನಿ. ಕಂಚಿನಲ್ಲಿ 0.05ರಿಂದ 0.1 ಮಿಲಿಮೀಟರ್ ಸಡಿಲ ಸಾಕು, ಪ್ಲಾಸ್ಟಿಕ್ಕಿಗೆ ಅದಕ್ಕಿಂತ ತುಸು ಹೆಚ್ಚು ಬಿಡಿ. ಎಣ್ಣೆ ಸವರಿದ ದಂಡವನ್ನು ಇಳಿಬಿಟ್ಟಾಗ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು, ದಬಕ್ಕನೆ ಬೀಳಬಾರದು. ಲೇತ್ ಇಲ್ಲದವರು ಹತ್ತಿರದ ಅಳತೆಯ ಸಿದ್ಧ ಬುಷ್ ತಂದು ಹೊರಗೆ ಎಮರಿ ಪೇಪರಿನಲ್ಲಿ, ಒಳಗೆ ರೀಮರಿನಲ್ಲಿ ಹೊಂದಿಸಬಹುದು. ತಾಳ್ಮೆ ಬೇಕು, ಅಷ್ಟೆ.

ಟನಲ್ಲಿನ ತಗಡು

ಬಿರುಕು ಬಿಟ್ಟ ಟನಲ್ಲಿಗೆ ಮೊದಲ ಚಿಕಿತ್ಸೆ ಬಿರುಕಿನ ತುದಿ ಹುಡುಕಿ ಅಲ್ಲಿ 3 ಮಿಲಿಮೀಟರ್ ರಂಧ್ರ ಕೊರೆಯುವುದು. ಚೂಪಾದ ತುದಿ ದುಂಡಾದರೆ ಬಿರುಕು ಮುಂದಕ್ಕೆ ಹರಿಯುವುದಿಲ್ಲ. ಆಮೇಲೆ ಒಳಗಿನಿಂದ ತೇಪೆ.

ತೇಪೆಯನ್ನು ನೇರವಾಗಿ ತಗಡಿನಲ್ಲಿ ಕತ್ತರಿಸಲು ಹೋಗಬೇಡಿ. ರಟ್ಟಿನಲ್ಲಿ ಮಾಡಿ, ಮಡಚಿ, ಜಾಗಕ್ಕೆ ಹಿಡಿದು ನೋಡಿ, ಮತ್ತೆ ಕತ್ತರಿಸಿ. ರಟ್ಟು ಸರಿಯಾಗಿ ಕೂತ ಮೇಲೆ ಅದನ್ನು ತಗಡಿನ ಮೇಲಿಟ್ಟು ಗೆರೆ ಎಳೆಯಿರಿ. ಅಲ್ಯೂಮಿನಿಯಂ ಕೊಳ್ಳುವಾಗ 5052 ಎಂಬ ಜಾತಿಯನ್ನು ಕೇಳಿ ತನ್ನಿ, ಅದು ಸೀಳದೆ ಬಾಗುತ್ತದೆ. 6061 ಜಾತಿಯ ಗಟ್ಟಿ ತಗಡನ್ನು ಚೂಪಾಗಿ ಮಡಚಿದರೆ ಮಡಿಕೆಯ ಹೊರಗೆ ಬಿರುಕು ಮೂಡುತ್ತದೆ. ಅಂಚುಗಳ ಮೂಲೆಯನ್ನು ಅರದಲ್ಲಿ ದುಂಡು ಮಾಡಿ. ರಿವೆಟ್ ಅಲ್ಯೂಮಿನಿಯಮ್ಮಿನದೇ ಇರಲಿ. ಉಕ್ಕಿನ ರಿವೆಟ್ ಹಾಕಿದರೆ ನೀರು ತಾಗಿದಾಗ ಎರಡು ಲೋಹದ ನಡುವೆ ಬಿಳಿ ಪುಡಿ ಎದ್ದು ಕೆಲವೇ ವರ್ಷಗಳಲ್ಲಿ ರಂಧ್ರ ದೊಡ್ಡದಾಗುತ್ತದೆ. ಉಕ್ಕಿನ ಬೋಲ್ಟ್ ಅನಿವಾರ್ಯವಾದ ಕಡೆ ನಡುವೆ ಪ್ರೈಮರ್ ಬಳಿಯಿರಿ. ಟ್ರ್ಯಾಕಿನ ಕಡೆಗೆ ಬರುವ ರಿವೆಟ್ ತಲೆಗಳು ಚಪ್ಪಟೆಯಾಗಿರಬೇಕು, ಇಲ್ಲವಾದರೆ ರಬ್ಬರನ್ನು ಹರಿದುಬಿಡುತ್ತವೆ.

ಬಾನೆಟ್, ಮುಂಗಾಜು, ಸೀಟು

ಆ ಕಾಲದ ಬಾನೆಟ್‌ಗಳು ಬಹುತೇಕ ಫೈಬರ್‌ಗ್ಲಾಸಿನವು. ಒಡೆದ ಬಾನೆಟ್ಟನ್ನು ಹೊರಗಿನಿಂದ ಮೆತ್ತುವುದು ಎಲ್ಲರೂ ಮಾಡುವ ತಪ್ಪು. ಬಲವೆಲ್ಲ ಒಳಗಿನಿಂದ ಬರಬೇಕು. ಒಳಮೈಯನ್ನು 80 ನಂಬರಿನ ಪೇಪರಿನಲ್ಲಿ ಬಿರುಕಿನಿಂದ ನಾಲ್ಕು ಬೆರಳಗಲ ಉಜ್ಜಿ. ತುಂಡೇ ಹೋಗಿದ್ದರೆ ಹೊರಗಡೆಯಿಂದ ತೆಳುವಾದ ರಟ್ಟನ್ನು ಬಾನೆಟ್ಟಿನ ಬಾಗಿಗೆ ತಕ್ಕಂತೆ ಬಾಗಿಸಿ ಟೇಪ್ ಅಂಟಿಸಿ. ರಟ್ಟಿನ ಒಳಮುಖಕ್ಕೆ ಪ್ಯಾಕಿಂಗ್ ಟೇಪ್ ಸುತ್ತಿ ಮೇಣ ಸವರಿದರೆ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಅದಕ್ಕೆ ಹಿಡಿಯುವುದಿಲ್ಲ. ಆಮೇಲೆ ಒಳಗಿನಿಂದ ಗಾಜಿನ ನಾರಿನ ಮ್ಯಾಟ್, ರೆಸಿನ್, ಮತ್ತೆ ಮ್ಯಾಟ್. ಪ್ರತಿ ಪದರ ಹಿಂದಿನದಕ್ಕಿಂತ ಅಗಲವಾಗಿರಲಿ, ಬ್ರಷ್ಷಿನ ತುದಿಯಿಂದ ಕುಟ್ಟುತ್ತ ಗಾಳಿಗುಳ್ಳೆ ಹೊರದೂಡಿ. ಪಾಲಿಯೆಸ್ಟರ್ ರೆಸಿನ್ನಿಗೆ ಗಟ್ಟಿಕಾರಕ ನೂರಕ್ಕೆ ಒಂದರಿಂದ ಎರಡು ಪಾಲು. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಕಾದು ಬಿರುಕು ಬಿಡುತ್ತದೆ. ಕೊರೆಯುವ ಚಳಿಯ ಶೆಡ್ಡಿನಲ್ಲಿ ಇದು ಗಟ್ಟಿಯಾಗುವುದೇ ಇಲ್ಲ, ಬೆಚ್ಚಗಿನ ಕೋಣೆ ಬೇಕು. ಕನ್ನಡಕ, ಕೈಗವಸು, ಮಾಸ್ಕ್ ಇಲ್ಲದೆ ಉಜ್ಜಬೇಡಿ, ಗಾಜಿನ ನಾರು ಶ್ವಾಸಕೋಶಕ್ಕೆ ಹೋದರೆ ಒಳ್ಳೆಯದಲ್ಲ.

ಬಣ್ಣದ ಬಗ್ಗೆ ನನ್ನ ನಿಲುವು ಸ್ವಲ್ಪ ಗಟ್ಟಿ. ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಅದನ್ನು ಕೆರೆಯಬೇಡಿ. ತೊಳೆದು ಪಾಲಿಷ್ ಹಾಕಿ ಹಾಗೇ ಬಿಡಿ. ಸ್ಕೀ-ಡೂದ ಆ ಹಳೆಯ ಹಳದಿ ಬಿಸಿಲಿಗೆ ಮಂಕಾದ ಬಗೆಯನ್ನು ಯಾವ ಸ್ಪ್ರೇ ಗನ್ನೂ ತರಲಾರದು. ಸ್ಟಿಕ್ಕರ್ ಕಿತ್ತುಹೋಗುವ ಮುಂಚೆ ಟ್ರೇಸಿಂಗ್ ಹಾಳೆ ಇಟ್ಟು ಅದರ ಆಕಾರವನ್ನೂ ಬಾನೆಟ್ಟಿನ ಅಂಚಿನಿಂದ ಎಷ್ಟು ದೂರ ಇದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ.

ಮುಂಗಾಜಿಗೆ ಪಾಲಿಕಾರ್ಬೊನೇಟ್ ಹಾಳೆ, ಎರಡರಿಂದ ಮೂರು ಮಿಲಿಮೀಟರ್ ದಪ್ಪ. ಅಕ್ರಿಲಿಕ್ ಹೆಚ್ಚು ಹೊಳೆಯುತ್ತದೆ, ಆದರೆ ಪೆಟ್ಟು ಬಿದ್ದರೆ ಚೂರುಚೂರಾಗುತ್ತದೆ. ಪಾಲಿಕಾರ್ಬೊನೇಟನ್ನು ಬಿಸಿ ಮಾಡದೆಯೇ ಬಾಗಿಸಿ ಕೂರಿಸಬಹುದು. ಸ್ಕ್ರೂ ರಂಧ್ರಗಳನ್ನು ಸ್ಕ್ರೂಗಿಂತ ದೊಡ್ಡದಾಗಿ ಕೊರೆದು ರಬ್ಬರ್ ವಾಷರ್ ಹಾಕಿ. ಚಳಿಗೆ ಹಾಳೆ ಕುಗ್ಗುತ್ತದೆ, ರಂಧ್ರ ಬಿಗಿಯಾಗಿದ್ದರೆ ಅಲ್ಲಿಂದಲೇ ಸೀಳುತ್ತದೆ. ಕೊಳೆಯಾಯಿತೆಂದು ಪೆಟ್ರೋಲಿನಲ್ಲಿ ಒರೆಸಬೇಡಿ, ಇಡೀ ಗಾಜಿಗೆ ಜೇಡರ ಬಲೆಯಂಥ ಬಿರುಕು ಬರುತ್ತದೆ.

ಸೀಟಿನ ಹಳೆಯ ಹೊದಿಕೆಯನ್ನು ಹರಿಯದೆ ಹೊಲಿಗೆ ಬಿಚ್ಚಿ ತುಂಡು ತುಂಡಾಗಿ ಹರಡಿದರೆ ಅದೇ ಅಳತೆ ಬಟ್ಟೆ. ರೆಕ್ಸಿನ್ ಕೊಳ್ಳುವಾಗ ಚಳಿಗೆ ಒಡೆಯದ ಜಾತಿ ಎಂದು ಕೇಳಿ ಕೊಳ್ಳಿ. ತಳದ ಪ್ಲೈವುಡ್ ಕೊಳೆತಿದ್ದರೆ ಹೊಸದು ಕತ್ತರಿಸಿ ಅಂಚಿಗೆ ವಾರ್ನಿಷ್ ಕುಡಿಸಿ. ಹೊದಿಕೆ ಎಳೆದು ಸ್ಟೇಪಲ್ ಹೊಡೆಯುವ ಕೆಲಸವನ್ನು ಬೆಚ್ಚಗಿನ ಜಾಗದಲ್ಲಿ, ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗುತ್ತ ಮಾಡಿ.

ಸ್ಕೀ ತಳದ ಸರಳು

ಸ್ಕೀಯ ತಳದಲ್ಲಿ ಉದ್ದಕ್ಕೂ ಒಂದು ಸರಳು ಇರುತ್ತದೆ. ಗಾಡಿ ತಿರುಗುವುದು ಅದು ಹಿಮವನ್ನು ಕಚ್ಚುವುದರಿಂದ. ಸವೆದು ಚಪ್ಪಟೆಯಾದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. ಹಳೆಯದರಷ್ಟೇ ದಪ್ಪದ ಉಕ್ಕಿನ ಸರಳು ತಂದು, ಸ್ಕೀಯ ಬಾಗಿಗೆ ತಕ್ಕಂತೆ ಮುಂತುದಿ ಬಾಗಿಸಿ, ರಂಧ್ರಗಳ ಜಾಗಕ್ಕೆ ಬೋಲ್ಟ್‌ಗಳನ್ನು ಬೆಸೆಯಿರಿ. ಬೆಸೆಯುವಾಗ ಬೋಲ್ಟ್‌ಗಳನ್ನು ಸ್ಕೀಯ ರಂಧ್ರದಲ್ಲೇ ತೂರಿಸಿ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಹೊರತೆಗೆದು ಪೂರ್ತಿ ಮಾಡಿ. ಬೆಸುಗೆಯ ಕಾವಿಗೆ ಸರಳು ಬಾಗುತ್ತದೆ, ತಣ್ಣಗಾದ ಮೇಲೆ ನೆಟ್ಟಗೆ ಮಾಡಿಕೊಳ್ಳಿ.

ಆಕ್ಸಿಲರೇಟರ್ ಕೇಬಲ್

ಇದು ಸಣ್ಣ ಕೆಲಸ, ಆದರೆ ಗಾಡಿಯಲ್ಲಿ ಇದಕ್ಕಿಂತ ಜೋಪಾನವಾಗಿ ಮಾಡಬೇಕಾದ ಕೆಲಸ ಬೇರೆ ಇಲ್ಲ. ಅರ್ಧದಲ್ಲಿ ಸಿಕ್ಕಿಹಾಕಿಕೊಂಡ ಆಕ್ಸಿಲರೇಟರ್ ಎಂದರೆ ನಿಲ್ಲದ ಗಾಡಿ.

ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿದು ಚೂಪಾದ ಕಟ್ಟರಿನಲ್ಲಿ ಒಂದೇ ಏಟಿಗೆ ಕತ್ತರಿಸಿ. ಹಿತ್ತಾಳೆ ಸರಳಿನ ತುಂಡಿಗೆ ತಂತಿಯಷ್ಟೇ ರಂಧ್ರ ಕೊರೆದು, ಒಂದು ಬದಿಯಲ್ಲಿ ದೊಡ್ಡ ಡ್ರಿಲ್ಲಿನಿಂದ ಬಟ್ಟಲಿನಂತೆ ಅಗಲಿಸಿ. ತಂತಿಯನ್ನು ತೂರಿಸಿ, ತುದಿಯ ಎಳೆಗಳನ್ನು ಹೂವು ಅರಳಿದಂತೆ ಬಿಡಿಸಿ ಆ ಬಟ್ಟಲಿಗೆ ಎಳೆದು ಕೂರಿಸಿ. ಫ್ಲಕ್ಸ್ ಸವರಿ, ಹಿತ್ತಾಳೆಯನ್ನು ಕಾಯಿಸಿ, ಬೆಸುಗೆ ಲೋಹ ತಾನಾಗಿ ಎಳೆಗಳ ನಡುವೆ ಹರಿಯುವಂತೆ ಮಾಡಿ. ಮೇಲೆ ತೊಟ್ಟಿಕ್ಕಿ ಗುಂಡಾಗಿ ನಿಂತರೆ ಅದು ಹಿಡಿದಿಲ್ಲ. ತಣ್ಣಗಾದ ಮೇಲೆ ಫ್ಲಕ್ಸ್ ತೊಳೆಯಲು ಮರೆಯಬೇಡಿ, ಉಳಿದರೆ ತಂತಿಯನ್ನು ತಿನ್ನುತ್ತದೆ. ಆಮೇಲೆ ವೈಸಿಗೆ ಹಿಡಿಸಿ ಎರಡೂ ಕೈಯಲ್ಲಿ ಜಗ್ಗಿ ನೋಡಿ. ಗಾಡಿಗೆ ಹಾಕಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ಪ್ರತಿ ಸಲ ಆಕ್ಸಿಲರೇಟರ್ ಒತ್ತಿ ಬಿಡಿ, ಪಟ್ಟನೆ ವಾಪಸು ಬರಬೇಕು. ಬ್ರೇಕ್ ಕೇಬಲ್ ಮಾತ್ರ ಕೊಂಡದ್ದೇ ಇರಲಿ.

ಟ್ರ್ಯಾಕ್, ಚೈನ್, ಬೆಲ್ಟ್

ಟ್ರ್ಯಾಕಿನ ರಬ್ಬರ್ ಮೇಲೆ ಮಾತ್ರ ಬಿರಿದಿದ್ದರೆ ಓಡಿಸಬಹುದು. ಒಳಗಿನ ನೂಲು ಕಾಣುತ್ತಿದ್ದರೆ, ಅಂಚು ಹರಿದಿದ್ದರೆ ಬದಲಿಸಬೇಕು, ತೇಪೆ ಹಾಕಿ ವೇಗವಾಗಿ ಓಡಿಸಬಾರದು. ಚೈನ್ ಪೆಟ್ಟಿಗೆಯ ಎಣ್ಣೆ ಬದಲಿಸಿ. ಬೆಲ್ಟಿನ ಅಗಲ ಮತ್ತು ಉದ್ದವನ್ನು ಕೈಪಿಡಿಯ ಅಳತೆಗೆ ಹೋಲಿಸಿ, ಎರಡು ಕ್ಲಚ್‌ಗಳು ಒಂದೇ ನೇರದಲ್ಲಿವೆಯೇ ಎಂದು ನೆಟ್ಟನೆಯ ಪಟ್ಟಿ ಹಿಡಿದು ನೋಡಿ. ಬೆಲ್ಟ್ ಇಲ್ಲದೆ ಎಂಜಿನ್ನನ್ನು ರೇಸ್ ಮಾಡಬೇಡಿ, ತಡೆಯಿಲ್ಲದೆ ತಿರುಗಿದ ಕ್ಲಚ್ ಹಾಳಾಗುತ್ತದೆ.

ಸ್ಟಾರ್ಟ್ ಮಾಡುವ ದಿನ

ಬಾಗಿಲು ತೆರೆದಿಡಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹಿಂಭಾಗವನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದೆ ಗೋಡೆ ಅಥವಾ ದಪ್ಪ ಹಲಗೆ ಇರುವಂತೆ ನಿಲ್ಲಿಸಿ. ಟ್ರ್ಯಾಕಿನ ಹಿಂದೆ ಯಾರೂ ನಿಲ್ಲಬಾರದು.

1960ರ ದಶಕದ ಕೈಪಿಡಿಗಳಲ್ಲಿ ಪೆಟ್ರೋಲಿಗೆ ಎಣ್ಣೆ 20ಕ್ಕೆ 1ರಂತೆ ಬೆರೆಸಲು ಹೇಳಿರುವುದು ಸಾಮಾನ್ಯ. ಅಂದರೆ ಲೀಟರಿಗೆ 50 ಮಿಲಿ. ಇನ್ನೂ ಹೆಚ್ಚು ಹಾಕಿದರೆ ಎಂಜಿನ್ನಿಗೆ ಒಳ್ಳೆಯದೆಂದು ಭಾವಿಸಬೇಡಿ. ಎಣ್ಣೆಯ ಪಾಲು ಏರಿದಷ್ಟೂ ಅದೇ ಜೆಟ್ಟಿನಲ್ಲಿ (ಕಾರ್ಬೊರೇಟರಿನ ಸಣ್ಣ ರಂಧ್ರದಲ್ಲಿ) ಹಾದುಹೋಗುವ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಕಾರ್ಬೊರೇಟರಿನ ಎರಡೂ ಸೂಜಿ ಸ್ಕ್ರೂಗಳನ್ನು ಮೆಲ್ಲಗೆ ಮುಚ್ಚಿ, ಅಲ್ಲಿಂದ ಒಂದೊಂದು ಸುತ್ತು ತೆರೆದು ಶುರು ಮಾಡಿ. ಹಗ್ಗ ಎಳೆಯುವ ಮುಂಚೆ ಎಂಜಿನ್ ಆರಿಸುವ ಗುಂಡಿ ಕೆಲಸ ಮಾಡುತ್ತಿದೆಯೇ ಎಂದು ನೋಡಿ: ಗುಂಡಿ ಒತ್ತಿ ಹಿಡಿದಾಗ ಪ್ಲಗ್ಗಿನಲ್ಲಿ ಕಿಡಿ ಬರಬಾರದು.

ಎದ್ದ ಮೇಲೆ ಟ್ರ್ಯಾಕನ್ನು ನಿಧಾನವಾಗಿ ತಿರುಗಿಸಿ. ಅದು ಒಂದು ಬದಿಗೆ ಸರಿಯುತ್ತಿದ್ದರೆ ಎಂಜಿನ್ ಆರಿಸಿ, ಸರಿದ ಬದಿಯ ಹಿಂದಿನ, ಟ್ರ್ಯಾಕ್ ಬಿಗಿಸುವ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಹಿಮದ ಮೇಲೆ ಮೊದಲ ಸಲ ಹತ್ತು ನಿಮಿಷ ಸಾಕು. ಪೂರ್ತಿ ಆಕ್ಸಿಲರೇಟರಿನಲ್ಲಿ ಸದ್ದು ಸ್ವಲ್ಪ ಒಡಕಾಗಿ, ತೊದಲಿದಂತೆ ಇದ್ದರೆ ಪೆಟ್ರೋಲ್ ತುಸು ಹೆಚ್ಚಿದೆ ಎಂದರ್ಥ, ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಅದೇ ಕ್ಷೇಮ. ಸದ್ದು ಚೂಪಾಗಿ ಏರುತ್ತ ಹೋದರೆ ಆಕ್ಸಿಲರೇಟರನ್ನು ತಕ್ಷಣ ಬಿಡಿ. ವಾಪಸು ಬಂದು ಪ್ಲಗ್ ತೆಗೆದು ನೋಡಿ: ಕಾಫಿ ಬಣ್ಣ ಇದ್ದರೆ ಸರಿ, ಬಿಳಿ ಬೂದಿ ಬಣ್ಣ ಇದ್ದರೆ ಸೂಜಿಯನ್ನು ಇನ್ನೂ ತೆರೆಯಬೇಕು. ಎಂಜಿನ್ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಅಳತೆಗೆ ಬಿಗಿಯಿರಿ. ಕೈಯಾರೆ ಮಾಡಿದ ತಾಮ್ರದ ಗ್ಯಾಸ್ಕೆಟ್ ಮೊದಲ ಕಾವಿಗೆ ಸ್ವಲ್ಪ ಕುಳಿತುಕೊಂಡಿರುತ್ತದೆ.

ಚಳಿಗಾಲ ಮುಗಿದಾಗ ಕಾರ್ಬೊರೇಟರ್ ಖಾಲಿ ಮಾಡಿ, ಪ್ಲಗ್ ರಂಧ್ರದಿಂದ ಎಣ್ಣೆ ಬಿಟ್ಟು ಹಗ್ಗ ನಾಲ್ಕು ಸಲ ಎಳೆದು, ಟ್ರ್ಯಾಕನ್ನು ನೆಲದಿಂದ ಎತ್ತಿಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲಿ ಬರದಂತೆ. ಕೆಲಸದಲ್ಲಿ ಬಳಸಿದ ರಟ್ಟಿನ ಅಚ್ಚುಗಳು, ಬುಷ್ಷಿನ ಅಳತೆ ಬರೆದ ಚೀಟಿ, ಸ್ಟಿಕ್ಕರಿನ ಟ್ರೇಸಿಂಗ್ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಟಿನ ಕೆಳಗಿನ ಜಾಗದಲ್ಲಿ ಇಟ್ಟುಬಿಡಿ. ಯಾವ ಭಾಗ ಕೈಯಲ್ಲಿ ಮಾಡಿದ್ದು, ಯಾವ ವಸ್ತುವಿನಿಂದ, ಯಾವ ವರ್ಷ ಎಂದು ಬರೆದಿಡಿ. ಇಪ್ಪತ್ತು ವರ್ಷದ ಮೇಲೆ ಇದನ್ನು ಬಿಚ್ಚುವವರಿಗೆ ಮೊದಲು ಬೇಕಾಗುವುದು ಆ ಚೀಲ.